ಉಪ್ಪಿನ ಋಣದ ಸೇನೆ: ಅನ್‌ಡೆಡ್ ಮಿನಿಯೇಚರ್‌ಗಳಿಗೆ ಥೀಮ್ ಹುಡುಕುವ ಬಗೆ

ಟೇಬಲ್ ಮೇಲೆ ನಲವತ್ತು ಎಲುಬುಗೂಡುಗಳು, ಅಂದರೆ ಯುದ್ಧದ ಆಟಕ್ಕೆ ಬಳಸುವ ಪುಟ್ಟ ಮಿನಿಯೇಚರ್ ಬೊಂಬೆಗಳು, ಸಾಲಾಗಿ ನಿಂತಿವೆ. ತಳಬಣ್ಣದ ಪ್ರೈಮರ್ ಒಣಗಿದೆ. ಬ್ರಷ್ ಕೈಯಲ್ಲಿದೆ. ಯಾವ ಬಣ್ಣ ಹಚ್ಚಬೇಕು ಅಂತ ಮಾತ್ರ ಹೊಳೆಯುತ್ತಿಲ್ಲ. ಅನ್‌ಡೆಡ್ ಸೇನೆ, ಅಂದರೆ ಸತ್ತು ಮತ್ತೆ ಎದ್ದವರ ಸೇನೆ ಕಟ್ಟಲು ಹೊರಟವರಲ್ಲಿ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಕೊನೆಗೆ ಎಲುಬಿಗೆ ಕೆನೆ ಬಣ್ಣ, ಬಟ್ಟೆಗೆ ಕೆಂಪು, ಕಾಲಡಿಯ ಬೇಸ್‌ಗೆ ಕಂದು ಬಳಿದು ಮುಗಿಸುತ್ತಾರೆ. ನೋಡಲು ಚೆನ್ನಾಗೇ ಇರುತ್ತದೆ. ಆದರೆ ಎದುರು ಕೂತವರ ಅನ್‌ಡೆಡ್ ಸೇನೆಯೂ ಹಾಗೇ ಇರುತ್ತದೆ, ಅಲ್ವಾ?

ಈ ಸೇನೆಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಅನುಕೂಲ ಇದೆ. ಈ ಆಟಗಳ ಕಲ್ಪನಾ ಜೀವಿಗಳನ್ನೇ ನೋಡಿ, ಓರ್ಕ್ ಹುಟ್ಟಿದಾಗಲೇ ಓರ್ಕ್. ಎಲ್ಫ್ ಹುಟ್ಟಿದಾಗಲೇ ಎಲ್ಫ್. ಎಲುಬುಗೂಡು ಮಾತ್ರ ಮೊದಲು ಇನ್ಯಾರೋ ಆಗಿತ್ತು. ಅದಕ್ಕೊಂದು ಊರಿತ್ತು, ಕಸುಬಿತ್ತು, ಆಮೇಲೆ ಒಂದು ಸಾವೂ ಬಂತು. ಥೀಮ್ ಸಿಗುವುದು ಅಲ್ಲಿ. "ಮಮ್ಮಿ ಮಾಡಲಾ, ವ್ಯಾಂಪೈರ್ ಮಾಡಲಾ" ಅಂತ ಶುರು ಮಾಡಿದರೆ ಪೆಟ್ಟಿಗೆ ಮೇಲಿನ ಚಿತ್ರವೇ ನಿಮ್ಮ ಥೀಮ್ ಆಗಿಬಿಡುತ್ತದೆ. "ಇವರು ಸತ್ತದ್ದು ಹೇಗೆ" ಅಂತ ಶುರು ಮಾಡಿ ನೋಡಿ.

ಮೊದಲು ಪೆನ್ನು, ಆಮೇಲೆ ಬ್ರಷ್

ಒಂದು ಹಾಳೆಯಲ್ಲಿ ಐದು ಪ್ರಶ್ನೆ ಬರೆದುಕೊಳ್ಳಿ. ಬದುಕಿದ್ದಾಗ ಇವರು ಯಾರು? ಹೇಗೆ ಸತ್ತರು? ಸತ್ತ ಮೇಲೆ ಎಲ್ಲಿ ಬಿದ್ದಿದ್ದರು? ಎಬ್ಬಿಸಿದ್ದು ಯಾರು, ಯಾಕೆ? ತಾವು ಸತ್ತಿದ್ದೇವೆ ಅಂತ ಇವರಿಗೆ ಗೊತ್ತಿದೆಯೇ?

ಒಂದೊಂದಕ್ಕೂ ಒಂದೇ ಸಾಲಿನ ಉತ್ತರ ಸಾಕು. ರಾಜವಂಶದ ಇತಿಹಾಸ ಹತ್ತು ಪುಟ ಬರೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅದು ಮಿನಿಯೇಚರ್ ಮೇಲೆ ಕಾಣುವುದಿಲ್ಲ. ಐದೂ ಉತ್ತರ ಸೇರಿಸಿ ಒಂದು ವಾಕ್ಯ ಮಾಡಿ.

ನನ್ನ ಈಗಿನ ಸೇನೆಯ ವಾಕ್ಯ ಇದು: "ಗಣಿ ಕುಸಿದು ಸತ್ತ ಉಪ್ಪಿನ ಕೂಲಿಗಳು, ಸತ್ತ ಮೇಲೂ ಧಣಿಯ ಉಪ್ಪಿನ ಋಣ ತೀರಿಸುತ್ತಿದ್ದಾರೆ." ಉಪ್ಪಿನ ಋಣ ಅನ್ನುವುದು ನಾವು ದಿನಾ ಆಡುವ ಮಾತು. ಅದನ್ನು ನಿಜವಾದ ಉಪ್ಪು ಅಂದುಕೊಂಡೆ, ಅಷ್ಟೇ. ಆ ಒಂದು ವಾಕ್ಯ ನನ್ನ ಪರವಾಗಿ ಎಷ್ಟು ತೀರ್ಮಾನ ಮಾಡಿತು ನೋಡಿ. ಕೈಯಲ್ಲಿ ಕತ್ತಿ ಬೇಡ, ಪಿಕಾಸಿ ಬೇಕು. ಕಾಲಿಗೆ ಬಿಳಿ ಹರಳು ಕಟ್ಟಿರಬೇಕು. ಸೇನಾಪತಿ ರಾಜನಲ್ಲ, ಲೆಕ್ಕದ ಪುಸ್ತಕ ಹಿಡಿದ ಧಣಿ. ಥೀಮ್ ಒಳ್ಳೆಯದೋ ಅಲ್ಲವೋ ಅಂತ ತಿಳಿಯುವುದು ಹೀಗೆ. ಯೋಚಿಸಬೇಕಾದ ಕೆಲಸವನ್ನು ಅದು ಕಡಿಮೆ ಮಾಡಬೇಕು. ಜಾಸ್ತಿ ಮಾಡಿದರೆ ಅದು ಥೀಮ್ ಅಲ್ಲ, ತಲೆನೋವು.

ಏನೂ ತೋಚದಿದ್ದರೆ ಗಾದೆ, ನುಡಿಗಟ್ಟುಗಳನ್ನೇ ತಿರುವಿ ಹಾಕಿ. "ಬೂದಿ ಮುಚ್ಚಿದ ಕೆಂಡ" ಅಂದರೆ ಮೈಯೆಲ್ಲ ಬೂದಿ, ಪಕ್ಕೆಲುಬಿನ ಸಂದಿಯಲ್ಲಿ ಮಾತ್ರ ಕಿತ್ತಳೆ ಬೆಳಕು. "ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ" ಅಂದರೆ ನೀರಲ್ಲಿ ಸತ್ತ ಸೇನೆ, ಪ್ರತಿಯೊಬ್ಬನ ಎಡಗೈಯಲ್ಲೂ ಇನ್ನೂ ಬಿಡದ ಒಂದು ಹುಲ್ಲುಕಡ್ಡಿ. ಇದನ್ನು ಯಾರಾದರೂ ಮಾಡಿದರೆ ನನಗೆ ನೋಡುವ ಆಸೆ ಇದೆ.

ಐದನೇ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಾರ್‌ಹ್ಯಾಮರ್ ಏಜ್ ಆಫ್ ಸಿಗ್ಮಾರ್ ಅನ್ನುವ ಆಟದ ಫ್ಲೆಶ್-ಈಟರ್ ಕೋರ್ಟ್ಸ್ ಸೇನೆ ನಿಂತಿರುವುದೇ ಅದರ ಮೇಲೆ. ಹೆಣ ತಿನ್ನುವ ಪಿಶಾಚಿಗಳು ತಮ್ಮನ್ನು ತಾವು ದೊಡ್ಡ ವೀರರು, ಸರದಾರರು ಅಂದುಕೊಂಡಿರುತ್ತವೆ. ಚಿಂದಿ ಬಟ್ಟೆಯೇ ಅವುಗಳ ಪಾಲಿಗೆ ರೇಷ್ಮೆ. ನನ್ನ ಕೂಲಿಗಳಿಗೆ ಸತ್ತದ್ದು ಗೊತ್ತಿದೆ. ಆದರೆ ಲೆಕ್ಕ ಚುಕ್ತಾ ಆಗಿಲ್ಲವಲ್ಲ! ಹಾಗಾಗಿ ಯಾರೂ ಬಾಯಿ ತೆರೆದು ಅರಚುತ್ತಿಲ್ಲ, ಎಲ್ಲರೂ ತಲೆ ತಗ್ಗಿಸಿದ್ದಾರೆ. ತಲೆ ಅಂಟಿಸುವಾಗ ಕುತ್ತಿಗೆ ಸ್ವಲ್ಪ ಬಗ್ಗಿಸಿದರೆ ಆಯ್ತು. ಬೇರೆ ಏನೂ ಖರ್ಚಿಲ್ಲ.

ಒಂದು ಮಾತು. ಇತಿಹಾಸದಿಂದ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಆದರೆ ನಿನ್ನೆ ಮೊನ್ನೆಯ ದುರಂತ ಬೇಡ. ಎದುರು ಕೂತವರ ಮನೆಯವರೇ ಅದರಲ್ಲಿ ಹೋಗಿರಬಹುದು.

ಎಲ್ಲಿ ಬಿದ್ದಿದ್ದರು?

ಬಣ್ಣ ಹಚ್ಚುವವರಿಗೆ ಐದರಲ್ಲಿ ಇದೇ ಮುಖ್ಯ ಪ್ರಶ್ನೆ. ಎಲುಬು ಬಿಳಿ ಅಂತ ನಾವು ಅಂದುಕೊಂಡಿದ್ದೇವೆ. ಬಿಸಿಲಿಗೆ ಬಿದ್ದ ಎಲುಬು ಬಿಳಿಚಿಕೊಳ್ಳುತ್ತದೆ, ನಿಜ. ಮಣ್ಣಲ್ಲಿ ಹೂತದ್ದು ಮಣ್ಣಿನ ಬಣ್ಣ ಹೀರಿಕೊಳ್ಳುತ್ತದೆ. ಹಳದಿ, ಕಂದು, ಕೆಲವು ಕಡೆ ಕಪ್ಪಿಗೇ ತಿರುಗುತ್ತದೆ. ಜೊತೆಗೆ ತಾಮ್ರದ ಅಥವಾ ಕಂಚಿನ ಬಳೆ ಹೂತಿದ್ದರೆ ಬಳೆ ತಾಗಿದ ಜಾಗದಲ್ಲಿ ಎಲುಬೇ ಹಸಿರಾಗುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿ. ಮಣಿಕಟ್ಟಿನ ಸುತ್ತ ತೆಳುವಾದ ಹಸಿರು ವಾಶ್ (ನೀರಾದ ಬಣ್ಣ) ಒಂದು ತೊಟ್ಟು, ಸಿಟಡೆಲ್ ಬ್ರಾಂಡಿನ ನಿಹಿಲಾಖ್ ಆಕ್ಸೈಡ್ ಬಣ್ಣ ಸಾಕು. ಬಳೆ ಮಾಡುವುದೇ ಬೇಡ. ಯಾರೋ ದೋಚಿಕೊಂಡು ಹೋಗಿದ್ದಾರೆ, ಗುರುತು ಮಾತ್ರ ಉಳಿದಿದೆ.

ಜಾಗ ಬರೀ ಬಣ್ಣ ಹೇಳುವುದಿಲ್ಲ, ಯಾವ ಮಿನಿಯೇಚರ್ ಕೊಳ್ಳಬೇಕು ಅಂತಲೂ ಹೇಳುತ್ತದೆ. ಡೆನ್ಮಾರ್ಕ್‌ನ ಜೌಗು ನೆಲದಲ್ಲಿ 1950ರಲ್ಲಿ ಸಿಕ್ಕ ಟೊಲುಂಡ್ ಮನುಷ್ಯ ಸತ್ತು ಎರಡು ಸಾವಿರ ವರ್ಷಕ್ಕೂ ಮೇಲಾಗಿತ್ತು. ಮುಖದ ಕುರುಚಲು ಗಡ್ಡ ಹಾಗೇ ಇತ್ತು. ತಲೆಗೆ ಚರ್ಮದ ಟೋಪಿ, ಕುತ್ತಿಗೆಗೆ ಹಗ್ಗ. ಅಂಥ ಜೌಗಿನ ಆಮ್ಲ ಚರ್ಮವನ್ನು ಹದ ಮಾಡಿ ಉಳಿಸುತ್ತದೆ, ಎಲುಬಿನ ಸುಣ್ಣವನ್ನು ಕರಗಿಸುತ್ತದೆ. ಅಂದರೆ ಜೌಗಿನ ಸೇನೆಯಲ್ಲಿ ಎಲುಬುಗೂಡು ಇರಲೇಬಾರದು! ಜಾಂಬಿಗಳು, ಹೆಣ ತಿನ್ನುವ ಗೂಲ್‌ಗಳು ಬೇಕು. ಮೈ ಹಸಿರಲ್ಲ, ಹಳೇ ಚಪ್ಪಲಿಯ ಕಂದು. ಕೂದಲು ಕೆಂಪು. ಇಷ್ಟು ಮಾಡಿದರೇ ಸಾಕು, ಅಂಗಡಿ ಪೆಟ್ಟಿಗೆಯ ಹಸಿರು ಜಾಂಬಿಗಳ ಪಕ್ಕ ನಿಮ್ಮವು ಬೇರೆಯೇ ಲೋಕದವು ಅನಿಸುತ್ತವೆ.

ಸಮುದ್ರ ಬಹಳ ಜನರ ಮೊದಲ ಆಯ್ಕೆ. ತಪ್ಪಿಲ್ಲ, ಆದರೆ ಎಲ್ಲರೂ ಅದೇ ಏಡಿ, ಚಿಪ್ಪು, ಹಸಿರು ಪಾಚಿ. ಸ್ವಲ್ಪ ಹತ್ತಿರ ಹೋಗಿ. ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್ 1545ರಲ್ಲಿ ಮುಳುಗಿತು, 1982ರಲ್ಲಿ ಮೇಲೆತ್ತಿದರು. ಕೆಸರಲ್ಲಿ ಹೂತ ಬಲಮಗ್ಗುಲು ಉಳಿದಿತ್ತು, ನೀರಿಗೆ ತೆರೆದಿದ್ದ ಎಡಮಗ್ಗುಲು ಹೋಗಿಬಿಟ್ಟಿತ್ತು. ಇದನ್ನೇ ಸೈನಿಕರ ಮೇಲೆ ತನ್ನಿ. ಪ್ರತಿಯೊಬ್ಬನ ಬಲಭಾಗ ಹೊಸದರ ಹಾಗೆ, ಬಟ್ಟೆಯ ಬಣ್ಣ ಸಮೇತ. ಎಡಭಾಗ ತಿಂದುಹೋಗಿದೆ. ಬಲಗಡೆಯಿಂದ ನೋಡಿದವರಿಗೆ ಒಂದು ಸೇನೆ, ಎಡಗಡೆಯಿಂದ ನೋಡಿದವರಿಗೆ ಇನ್ನೊಂದು. ಆ ಹಡಗಿನಲ್ಲಿ ನೂರಕ್ಕೂ ಹೆಚ್ಚು ಉದ್ದಬಿಲ್ಲುಗಳು ಸಿಕ್ಕವು, ಹಾಗಾಗಿ ಬಿಲ್ಲುಗಾರರ ದಳಕ್ಕೆ ಕಾರಣ ಹುಡುಕಬೇಕಾಗಿಯೂ ಇಲ್ಲ. ಲೋಹದ ವಿಷಯದಲ್ಲಿ ಒಂದು ನೆನಪಿರಲಿ: ಕಬ್ಬಿಣ ತುಕ್ಕು ಹಿಡಿದು ಕಿತ್ತಳೆ ಕಂದಾಗುತ್ತದೆ, ಕಂಚು ಹಸಿರಾಗುತ್ತದೆ. ಒಂದೇ ಕವಚಕ್ಕೆ ಎರಡೂ ಬಳಿಯಬೇಡಿ.

ಬೂದಿಯ ಮಾತು ಬಂದಾಗ ಪಾಂಪೇ ನೆನಪಾಗಲೇಬೇಕು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಬೂದಿ ಮುಚ್ಚಿತು. ದೇಹಗಳು ಒಳಗೇ ಕರಗಿ ಪೊಳ್ಳು ಉಳಿಯಿತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಆ ಪೊಳ್ಳುಗಳಿಗೆ ಪ್ಲಾಸ್ಟರ್ ಸುರಿದು ಸತ್ತವರ ಆಕಾರ ತೆಗೆದರು. ದೆವ್ವಗಳ ಸೇನೆಗೆ ಇದಕ್ಕಿಂತ ಒಳ್ಳೆಯ ಥೀಮ್ ನನಗೆ ಕಂಡಿಲ್ಲ. ತೇಲುವ ನೀಲಿ ಬಟ್ಟೆ ಬೇಡ. ಮುಖವಿಲ್ಲದ, ಒರಟು, ಬೂದು-ಬಿಳಿ ಆಕಾರಗಳು. ಸಾಧಾರಣ ಮನುಷ್ಯರ ಮಿನಿಯೇಚರ್ ತಗೊಂಡು ಮುಖದ ಮೇಲೆ ಪುಟ್ಟಿ ಮೆತ್ತಿ ಉಜ್ಜಿದರೆ ಆಯ್ತು.

ಹಿಮದಲ್ಲಿ ಹೆಪ್ಪುಗಟ್ಟಿದ ಸೇನೆಯ ಬಗ್ಗೆ ಬರೆಯುವುದಿಲ್ಲ. ಸಾಕಾಗುವಷ್ಟು ಇವೆ. ಎಲುಬುಗಳನ್ನೇ ಜೋಡಿಸಿ ಕಟ್ಟುವ ಥೀಮ್‌ಗೆ ಚೆಕ್ ದೇಶದ ಸೆಡ್ಲೆಟ್ಸ್ ಎಲುಬಿನ ಚರ್ಚ್ ಚಿತ್ರಗಳನ್ನು ನೋಡಿ, 1870ರಲ್ಲಿ ಅಲ್ಲಿ ಎಲುಬಿನಿಂದಲೇ ತೂಗುದೀಪ ಕಟ್ಟಿದ್ದಾರೆ. ಆದರೆ 2019ರಲ್ಲಿ ಏಜ್ ಆಫ್ ಸಿಗ್ಮಾರ್‌ಗೆ ಬಂದ ಆಸಿಯಾರ್ಕ್ ಬೋನ್‌ರೀಪರ್ಸ್ ಸೇನೆಯವರು ಆ ದಾರಿಯಲ್ಲಿ ಬಹಳ ದೂರ ಹೋಗಿಬಿಟ್ಟಿದ್ದಾರೆ.

ಇನ್ನು ನನ್ನ ಉಪ್ಪು. ಆಸ್ಟ್ರಿಯಾದ ಹಾಲ್‌ಶ್ಟಾಟ್ ಉಪ್ಪಿನ ಗಣಿಯಲ್ಲಿ 1734ರಲ್ಲಿ ಹಳೇ ಕಾಲದ ಗಣಿಗಾರನೊಬ್ಬನ ಹೆಣ ಕೆಡದೆ ಸಿಕ್ಕಿತು. ಅದೇ ಗಣಿಯಲ್ಲಿ ಕಂಚಿನ ಯುಗದವರು ಉಪ್ಪು ಹೊರುತ್ತಿದ್ದ ತೊಗಲಿನ ಬೆನ್ನುಚೀಲಗಳೂ ಸಿಕ್ಕಿವೆ. ಇರಾನಿನ ಚೆಹ್ರಾಬಾದ್ ಗಣಿಯಲ್ಲಿ 1993ರಲ್ಲಿ ಸಿಕ್ಕ ಉಪ್ಪಿನ ಮನುಷ್ಯನಿಗೆ ಉದ್ದನೆಯ ಬಿಳಿ ಕೂದಲು, ಗಡ್ಡ, ಒಂದು ಕಿವಿಯಲ್ಲಿ ಚಿನ್ನದ ಓಲೆ. ಒಂದು ಕಾಲು ಬೂಟಿನೊಳಗೇ ಉಳಿದಿತ್ತು. ಇವೆರಡನ್ನು ಓದಿದ ದಿನವೇ ನನ್ನ ಸೇನೆಯ ಅರ್ಧ ಕೆಲಸ ಮುಗಿಯಿತು. ಕೂಲಿಗಳಿಗೆ ಬೆನ್ನುಚೀಲ, ಮೇಸ್ತ್ರಿಗೆ ಬಿಳಿ ಗಡ್ಡ ಮತ್ತು ಒಂಟಿ ಓಲೆ.

ಆಟ ಯಾವುದು ಅಂತ ನೋಡಿಕೊಳ್ಳಿ

ಏಜ್ ಆಫ್ ಸಿಗ್ಮಾರ್‌ನಲ್ಲಿ ಸತ್ತವರಿಗೆ ನಾಲ್ಕು ಬೇರೆ ಬೇರೆ ಸೇನೆಗಳಿವೆ: ಸೋಲ್‌ಬ್ಲೈಟ್ ಗ್ರೇವ್‌ಲಾರ್ಡ್ಸ್, ನೈಟ್‌ಹಾಂಟ್, ಆಸಿಯಾರ್ಕ್ ಬೋನ್‌ರೀಪರ್ಸ್, ಫ್ಲೆಶ್-ಈಟರ್ ಕೋರ್ಟ್ಸ್. ಜಾಂಬಿ, ಎಲುಬುಗೂಡು ಎರಡೂ ಬೇಕೆಂದರೆ ಮೊದಲನೆಯದು. ದೆವ್ವಗಳೇ ಬೇಕೆಂದರೆ ಎರಡನೆಯದು. 2024ರಲ್ಲಿ ಬಂದ ವಾರ್‌ಹ್ಯಾಮರ್‌ನದೇ ಇನ್ನೊಂದು ಆಟ ದಿ ಓಲ್ಡ್ ವರ್ಲ್ಡ್‌ನಲ್ಲಿ ಮರಳುಗಾಡಿನ ಟೂಂಬ್ ಕಿಂಗ್ಸ್ ಇದ್ದಾರೆ. ಮ್ಯಾಂಟಿಕ್ ಕಂಪನಿಯ ಕಿಂಗ್ಸ್ ಆಫ್ ವಾರ್ ಆಟದಲ್ಲಿ ಅನ್‌ಡೆಡ್ ಮತ್ತು ಎಂಪೈರ್ ಆಫ್ ಡಸ್ಟ್ ಅಂತ ಎರಡು.

ಥೀಮ್ ಪ್ರಿಯರಿಗೆ ಕಿಂಗ್ಸ್ ಆಫ್ ವಾರ್ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಸೈನಿಕರನ್ನು ಒಬ್ಬೊಬ್ಬರಾಗಿ ತೆಗೆಯುವುದಿಲ್ಲ, ದಳ ಪೂರ್ತಿ ಒಂದೇ ತುಂಡಾಗಿ ಓಡಾಡುತ್ತದೆ. ಹಾಗಾಗಿ ಇಡೀ ದಳವನ್ನು ಒಂದೇ ಬೇಸ್ ಮೇಲೆ ಕೂರಿಸಿ ಒಂದು ದೃಶ್ಯವನ್ನೇ ಕಟ್ಟಬಹುದು. ಕುಸಿದ ಸುರಂಗ, ಮಧ್ಯೆ ಮುರಿದ ಏಣಿ, ಸುತ್ತ ಕೂಲಿಗಳು. ಒಬ್ಬೊಬ್ಬರನ್ನೇ ತೆಗೆಯುವ ಆಟದಲ್ಲಿ ಇದು ನಡೆಯುವುದಿಲ್ಲ.

ನೀವು ಎಷ್ಟೇ ಬದಲಾಯಿಸಿದರೂ ಎದುರಾಳಿಗೆ ಯಾವ ದಳ ಯಾವುದು ಅಂತ ಕೇಳದೆ ಗೊತ್ತಾಗಬೇಕು. ಈಟಿಯವರ ಕೈಯಲ್ಲಿ ಈಟಿಯಷ್ಟು ಉದ್ದದ್ದೇನಾದರೂ ಇರಲಿ. ಟೂರ್ನಮೆಂಟ್‌ಗೆ ಹೋಗುವವರು ಬೇರೆ ಕಂಪನಿಯ ಮಿನಿಯೇಚರ್, ತ್ರೀಡಿ ಪ್ರಿಂಟ್ ಒಪ್ಪುತ್ತಾರಾ ಅಂತ ಮೊದಲೇ ವಿಚಾರಿಸಿ.

ಒಂದು ಗುರುತು ಸಾಕು

28 ಮಿ.ಮೀ. ಮಿನಿಯೇಚರ್‌ನ ತಲೆ ಒಂದು ಕಾಳಿನಷ್ಟು. ಮೂರಡಿ ದೂರದಿಂದ ಕಾಣುವುದು ಮೂರೇ: ಆಕಾರ, ದೊಡ್ಡ ಬಣ್ಣ, ಬೇಸ್. ಥೀಮ್ ಇರಬೇಕಾದ್ದು ಈ ಮೂರರಲ್ಲಿ, ಅದೂ ಸಾಧಾರಣ ಕಾಲಾಳುಗಳ ಮೇಲೆ. ಸೇನಾಪತಿಯನ್ನು ಸಿಂಗರಿಸಿ ಉಳಿದವರನ್ನು ಪೆಟ್ಟಿಗೆಯಲ್ಲಿದ್ದ ಹಾಗೇ ಬಿಟ್ಟರೆ ಅದು ಥೀಮ್ ಇರುವ ಒಬ್ಬ ಮನುಷ್ಯ, ಸೇನೆಯಲ್ಲ.

ಹಾಗಂತ ಎಲ್ಲರಿಗೂ ಎಲ್ಲ ಮಾಡಲು ಹೋಗಬೇಡಿ. ಲೆಕ್ಕ ಹಾಕಿ: ಅರವತ್ತು ಮಿನಿಯೇಚರ್, ಒಂದೊಂದಕ್ಕೆ ಹೆಚ್ಚುವರಿ ಹತ್ತು ನಿಮಿಷ ಅಂದರೆ ಹತ್ತು ಗಂಟೆ. ನಾನು ಹಿಂದೊಮ್ಮೆ ಪ್ರತಿ ಜಾಂಬಿಯ ಕಾಲಿಗೂ ಸಣ್ಣ ಸರಪಳಿ ಸುತ್ತಲು ಹೊರಟಿದ್ದೆ. ಹದಿನಾಲ್ಕು ಆದ ಮೇಲೆ ಆ ಸೇನೆ ಪೆಟ್ಟಿಗೆ ಸೇರಿದ್ದು ಇನ್ನೂ ಹೊರಗೆ ಬಂದಿಲ್ಲ. ಹಾಗಾಗಿ ಗುರುತು ಒಂದೇ ಇರಲಿ, ಸುಲಭವಾಗಿರಲಿ, ಎಲ್ಲರ ಮೇಲೂ ಇರಲಿ.

ಬೆನ್ನುಚೀಲ ಮಾಡುವುದು ಹೀಗೆ. ಗ್ರೀನ್ ಸ್ಟಫ್ ಅನ್ನುವ ಪುಟ್ಟಿಯ ಹಳದಿ, ನೀಲಿ ಪಟ್ಟಿಗಳನ್ನು ಸಮ ಪ್ರಮಾಣದಲ್ಲಿ ಕತ್ತರಿಸಿ ಒಂದೇ ಹಸಿರು ಬರುವ ತನಕ ನಾದಿ. ಬೆರಳಿಗೆ ನೀರು ಹಚ್ಚಿಕೊಳ್ಳಿ, ಇಲ್ಲದಿದ್ದರೆ ಅಂಟುತ್ತದೆ. ಕಾಳುಮೆಣಸಿನಷ್ಟು ಉಂಡೆ ಮಾಡಿ ಮಿನಿಯೇಚರ್ ಬೆನ್ನಿಗೆ ಒತ್ತಿ. ಮೇಲ್ಭಾಗಕ್ಕೆ ಬ್ರಷ್‌ನ ಹಿಂತುದಿ ಚುಚ್ಚಿದರೆ ಚೀಲದ ಬಾಯಿ ತೆರೆಯುತ್ತದೆ. ಚಾಕುವಿನ ಬೆನ್ನಿನಿಂದ ಉದ್ದಕ್ಕೆ ಎರಡು ಗೆರೆ ಒತ್ತಿದರೆ ತೊಗಲಿನ ಸುಕ್ಕು. ಪಟ್ಟಿ ಮಾಡುವ ಗೋಜು ಬೇಡ, ಭುಜದ ಮೇಲೆ ಕಂದು ಗೆರೆ ಎಳೆದರಾಯ್ತು. ಕೈ ಪಳಗಿದ ಮೇಲೆ ಒಂದಕ್ಕೆ ಮೂರು ನಿಮಿಷ. ಒಂದು ಸಲಕ್ಕೆ ಹತ್ತಕ್ಕೆ ಬೇಕಾದಷ್ಟೇ ಕಲಸಿ, ರಾತ್ರಿ ಒಣಗಲು ಬಿಡಿ.

ಬಿಡಿಭಾಗಗಳಿಗೆ ಬದುಕಿರುವವರ ಕಿಟ್ ನೋಡಿ. ರೈತರ, ಊರ ಜನರ ಮೈಗೆ ಎಲುಬುಗೂಡಿನ ತಲೆ ಅಂಟಿಸಿದರೆ ಕಸುಬು ತಾನಾಗೇ ಬರುತ್ತದೆ. ಹರಿದ ಬಟ್ಟೆಗೆ ತೆಳು ಟಿಶ್ಯೂ ಪೇಪರನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಹೊದಿಸಿ. ರೆಸಿನ್ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಐದು ಮಾಡಿ, ವಾರ ಬಿಡಿ

ಇಡೀ ಸೇನೆ ಕೊಳ್ಳುವ ಮೊದಲು ಐದೇ ಐದು ಮಿನಿಯೇಚರ್ ಬೇಸ್ ಸಮೇತ ಮುಗಿಸಿ, ಕಣ್ಣಿಗೆ ಬೀಳುವ ಕಡೆ ಇಟ್ಟು ಒಂದು ವಾರ ಸುಮ್ನೆ ಇರಿ. ಬೇಜಾರಾದರೆ ಐದು ಹೋದವು, ಅಷ್ಟೇ.

ಬಣ್ಣ ಮೂರು ಸಾಕು, ಜೊತೆಗೆ ಕಣ್ಣು ಸೆಳೆಯುವ ಒಂದು. ನನ್ನದು: ಒಣಗಿದ ತೊಗಲಿನ ಕಂದು, ಉಪ್ಪಿನ ಬಿಳಿ, ತುಕ್ಕು. ನಾಲ್ಕನೆಯದು ಗಣಿ ದೀಪದ ಹಳದಿ, ದಳಕ್ಕೆ ಒಂದೇ ದೀಪ. ತಿಳಿ ಎಲುಬಿನ ಬಣ್ಣದ ರೇತ್‌ಬೋನ್ ಪ್ರೈಮರ್ ಮೇಲೆ ಸ್ನೇಕ್‌ಬೈಟ್ ಲೆದರ್ ಅನ್ನುವ ಕಂದು ಕಾಂಟ್ರಾಸ್ಟ್ ಬಣ್ಣ ಒಂದು ಕೋಟ್, ಒಣಗಿದ ಮೇಲೆ ತಿಳಿ ಕೆನೆ ಬಣ್ಣದ ಡ್ರೈಬ್ರಶ್ (ಬಹುತೇಕ ಒಣಗಿದ ಬ್ರಷ್‌ನಿಂದ ಮೇಲ್ಮೇಲೆ ಸವರುವುದು). ಆಮೇಲೆ ಬಿಳಿಯನ್ನು ಕೆಳಗಿಂದ ಮೇಲಕ್ಕೆ ಡ್ರೈಬ್ರಶ್ ಮಾಡಿ, ಪಾದದಲ್ಲಿ ದಪ್ಪ, ಮಂಡಿ ಹೊತ್ತಿಗೆ ಮಾಯ. ಸಾಮಾನ್ಯವಾಗಿ ಬೆಳಕು ಮೇಲಿಂದ ಬೀಳುತ್ತದೆ ಅಂತ ತಲೆಯನ್ನು ಬೆಳ್ಳಗೆ ಮಾಡುತ್ತೇವೆ. ಇಲ್ಲಿ ಉಲ್ಟಾ, ಅದಕ್ಕೇ ಕಣ್ಣು ನಿಲ್ಲುತ್ತದೆ.

ಬೇಸ್ ಬಣ್ಣ ಸೈನಿಕನ ಬಣ್ಣಕ್ಕಿಂತ ಬೇರೆ ಇರಲಿ. ಕಂದು ಮೈಗೆ ಕಂದು ನೆಲ ಮಾಡಿದರೆ ಎಲ್ಲ ಸೇರಿ ಒಂದೇ ಮುದ್ದೆ. ನನ್ನದು ಬಿಳಿ ನೆಲ, ಅಲ್ಲಲ್ಲಿ ಗುಲಾಬಿ ಛಾಯೆ. ಇಲ್ಲೊಂದು ಪೆದ್ದುತನ ಮಾಡಿದ್ದೆ. ಉಪ್ಪಿನ ಗಣಿ ತಾನೇ, ನಿಜವಾದ ಕಲ್ಲುಪ್ಪನ್ನೇ ಅಂಟಿಸೋಣ ಅಂತ. ನೋಡಲು ಎಷ್ಟು ಚೆನ್ನಾಗಿತ್ತು! ಗಾಳಿಯಲ್ಲಿ ತೇವ ಜಾಸ್ತಿಯಾದ ವಾರ ಐದೂ ಬೇಸ್ ಬೆವರಿದವು. ಹರಳು ಕರಗಿ ಅಂಚಿನಿಂದ ಇಳಿದು, ಮೇಸ್ತ್ರಿಯ ಕಾಲಡಿ ಒಂದು ಸಣ್ಣ ಕೊಳ. ಈಗ ಬಿಳಿ ಟೆಕ್ಸ್ಚರ್ ಪೇಸ್ಟ್ ಹಚ್ಚುತ್ತೇನೆ, ಅರ್ಧ ಒಣಗಿದಾಗ ಹಲ್ಲುಕಡ್ಡಿಯಿಂದ ಚುಚ್ಚಿ ಎತ್ತಿದರೆ ಹರಳಿನ ಹಾಗೇ ಮುಳ್ಳು ಏಳುತ್ತದೆ. ಅಡುಗೆ ಸೋಡಾವನ್ನು ಸೂಪರ್ ಗ್ಲೂ ಜೊತೆ ಬಳಸುವ ಉಪಾಯವೂ ಇದೆ. ಬೇಗ ಆಗುತ್ತದೆ, ಆದರೆ ಮೇಲೆ ಬಣ್ಣ ಹಚ್ಚದೆ ಬಿಟ್ಟರೆ ಕಾಲ ಕಳೆದಂತೆ ಹಳದಿಯಾಗಬಹುದು.

ಧಣಿ ಕೊನೆಗೆ

ಸೇನಾಪತಿಯನ್ನು ಕೊನೆಗೆ ಮಾಡಿ. ನಲವತ್ತು ಕಾಲಾಳು ಮುಗಿಸುವ ಹೊತ್ತಿಗೆ ನಿಮ್ಮ ಕೈ ಸುಧಾರಿಸಿರುತ್ತದೆ, ಕಥೆಯೂ ಗಟ್ಟಿಯಾಗಿರುತ್ತದೆ. ನನ್ನ ಧಣಿ ಮೊದಲು ಮುಳ್ಳಿನ ಕಿರೀಟದ ನೆಕ್ರೊಮ್ಯಾನ್ಸರ್, ಅಂದರೆ ಸತ್ತವರನ್ನು ಎಬ್ಬಿಸುವ ಮಾಂತ್ರಿಕ ಆಗಬೇಕಿತ್ತು. ಕೂಲಿಗಳೆಲ್ಲ ತಲೆ ತಗ್ಗಿಸಿ ನಿಂತ ಮೇಲೆ ಅದು ಅತಿಯಾಯಿತು ಅನಿಸಿತು. ಈಗ ಅವನು ಸ್ಟೂಲ್ ಮೇಲೆ ಕೂತ ಬಡಕಲು ಮುದುಕ, ತೊಡೆಯ ಮೇಲೆ ತೆರೆದ ಪುಸ್ತಕ. ಇಡೀ ಸೇನೆಯಲ್ಲಿ ಮೈಮೇಲೆ ಉಪ್ಪಿಲ್ಲದವನು ಅವನೊಬ್ಬನೇ.

ದೊಡ್ಡ ಪ್ರಾಣಿಗಳು, ರಾಕ್ಷಸರನ್ನು ಕೊಳ್ಳುವಾಗ ಮತ್ತೆ ಅದೇ ವಾಕ್ಯಕ್ಕೆ ಹಿಡಿದು ನೋಡಿ. ಗಣಿಗೂ ಜಾಂಬಿ ಡ್ರ್ಯಾಗನ್‌ಗೂ ಏನು ಸಂಬಂಧ? ನನಗೆ ಸಿಗಲಿಲ್ಲ, ಹಾಗಾಗಿ ಕೊಂಡಿಲ್ಲ. ಸತ್ತ ಕುದುರೆಗಳು ಎಳೆಯುವ ಉಪ್ಪಿನ ಗಾಡಿ ಅದರ ಜಾಗಕ್ಕೆ ಬರುತ್ತದೆ.

ಇನ್ನೊಂದು ಕೆಲಸ ಮರೆಯಬೇಡಿ. ಐದು ಮಾದರಿ ಮುಗಿದ ದಿನವೇ ಒಂದು ಬೇಸ್‌ನ ತಳಕ್ಕೆ ಸಣ್ಣ ಚೀಟಿ ಅಂಟಿಸಿ, ಯಾವ ಬಣ್ಣ, ಎಷ್ಟು ಕೋಟ್, ಯಾವುದರ ಮೇಲೆ ಯಾವುದು ಅಂತ ಬರೆದಿಡಿ. ಆರು ತಿಂಗಳು ಬಿಟ್ಟು ಇನ್ನೂ ಇಪ್ಪತ್ತು ಕೂಲಿಗಳನ್ನು ಸೇರಿಸಲು ಕೂತಾಗ ಅದೇ ಕಂದು ಬೇಕಾಗುತ್ತದೆ.